ಮಳಖೇಡದಲ್ಲಿ ನೃಪತುಂಗನ ಅರಮನೆ ಎಲ್ಲಿದೆ?

ಇತಿಹಾಸ ಪಾಠ ಮಾಡಿದ ವರ್ಷಗಳಲ್ಲಿ ಈ ಶಾಲೆಯ ಮಕ್ಕಳನ್ನು ಹಲವು ಸಲ ಮಳಖೇಡಕ್ಕೆ ಕರೆದುಕೊಂಡು ಹೋಗಿದ್ದೇನೆ. ಕಾಗಿಣಾ ದಂಡೆಯ ಆ ಕೋಟೆಯ ಬಾಗಿಲು ದಾಟಿದ ಕೂಡಲೇ ಒಂದೇ ಪ್ರಶ್ನೆ: "ಸರ್, ನೃಪತುಂಗ ಕೂಡ್ತಿದ್ದ ಜಾಗಾ ಯಾವುದ್ರಿ?" ತ.ರಾ.ಸು. ಅವರ 'ನೃಪತುಂಗ' ಕಾದಂಬರಿ ಓದಿ ದೂರದಿಂದ ಬರುವ ಹಿರಿಯರೂ ಅದನ್ನೇ ಕೇಳುತ್ತಾರೆ. ಯಾರಾದರೂ ಒಂದು ಬುರುಜಿನ ಕಡೆ ಕೈ ತೋರಿಸಿಬಿಡುತ್ತಾರೆ.

ಅಮೋಘವರ್ಷ ನೃಪತುಂಗ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. 972ರಲ್ಲಿ ಪರಮಾರರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಆಮೇಲೆ ಕಲ್ಯಾಣ ಚಾಲುಕ್ಯರಿಂದ ನಿಜಾಮರವರೆಗೆ ಎಷ್ಟು ಅರಸರ ಕೈ ದಾಟಿತು ಈ ಊರು! ಕಾದಂಬರಿಕಾರರಿಗೆ ದರ್ಬಾರು ಕಟ್ಟುವ ಹಕ್ಕಿದೆ. ಅವರು ಕಟ್ಟದಿದ್ದರೆ ಎಷ್ಟೋ ಓದುಗರು ಇತ್ತ ಬರುತ್ತಲೇ ಇರಲಿಲ್ಲ. ಬುರುಜು ತೋರಿಸುವವರಿಗೆ ಆ ಹಕ್ಕಿಲ್ಲ.

ಇನ್ನೊಂದು ಮಾತು ನಮ್ಮ ಸಭೆಗಳಲ್ಲಿ ಕೇಳಿಬರುತ್ತದೆ. ಕವಿರಾಜಮಾರ್ಗ ಹುಟ್ಟಿದ ನೆಲವಾದ್ದರಿಂದ ಸೇಡಂ, ಚಿಂಚೋಳಿ ಕಡೆಯ ಕನ್ನಡವೇ ಅಂದಿನ ಅಚ್ಚ ಕನ್ನಡ ಎಂದು. ಬೆಂಗಳೂರಿಗೆ ಹೋದ ನಮ್ಮ ಹುಡುಗರ ಮಾತಿಗೆ ಯಾರಾದರೂ ನಕ್ಕಾಗ ಇದು ಸಮಾಧಾನ ಕೊಡುತ್ತದೆ, ನಿಜ. ಆದರೆ ಪುಸ್ತಕ ತೆರೆದು ನೋಡಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎನ್ನುವ ಅದು, ಕನ್ನಡದ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ಮಾನ್ಯಖೇಟ ಆ ಪಟ್ಟಿಯಲ್ಲಿಲ್ಲ. ಬರೆದವನು ಅರಸನಲ್ಲ, ಆಸ್ಥಾನದ ಶ್ರೀವಿಜಯ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ರಾಜಧಾನಿಯ ಆಸ್ಥಾನದಲ್ಲಿದ್ದು ಬೇರೆ ಸೀಮೆಯ ಮಾತನ್ನು ಮೆಚ್ಚಿದ ದೊಡ್ಡತನ ನನಗಂತೂ ಯಾವ ಸಿಂಹಾಸನಕ್ಕಿಂತ ಹೆಚ್ಚು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಕಥೆ ಬೇರೆ. 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಶಿಲ್ಪವೊಂದರಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೇ ಇದೆ. ವಾಡಿ, ಶಹಾಬಾದದ ಮಕ್ಕಳು ಬೆಳಗ್ಗೆ ಹೋಗಿ ಸಂಜೆಗೆ ಮರಳಬಹುದು. ಆದರೂ ಆ ಶಿಲ್ಪ ಶಾತವಾಹನರ ಕಾಲದ್ದು. ಕೆತ್ತಿದವನು ಅಶೋಕನನ್ನು ಕಂಡವನಲ್ಲ, ಕೇಳಿದ ಕಥೆಗೆ ಮುಖ ಕೊಟ್ಟವನು. ಹೆಸರು ಬರೆದಿಟ್ಟ ಕಲ್ಲಿನಲ್ಲೂ ಕಲ್ಪನೆ ಇದೆ ಎಂದು ಮಕ್ಕಳಿಗೆ ಹೇಳಿದರೆ ಅವರು ಬೇಸರಪಡುವುದಿಲ್ಲ, ಇನ್ನಷ್ಟು ಹತ್ತಿರ ಬಂದು ನೋಡುತ್ತಾರೆ.

ಮಳಖೇಡದಲ್ಲಿ ಕಣ್ಣಾರೆ ಕಂಡು ಬರೆದವನು ಬೇಕೆಂದರೆ ಪುಷ್ಪದಂತನಿದ್ದಾನೆ. ಮಂತ್ರಿ ಭರತನ ಆಶ್ರಯದಲ್ಲಿ ಇಲ್ಲಿಯೇ ಇದ್ದು, 965ರಲ್ಲಿ ಅಪಭ್ರಂಶದ ಮಹಾಪುರಾಣ ಮುಗಿಸಿದ ಕವಿ. ನಗರ ಲೂಟಿಯಾದದ್ದನ್ನೂ ನೊಂದು ಹೇಳಿದ್ದಾನೆ. ಅವನು ಎಲ್ಲಿ ಕೂಡುತ್ತಿದ್ದ ಎಂದು ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿಲ್ಲ.