‘ಹಸುರು’ ಶಬ್ದದ ಪೂರ್ವಚರಿತ್ರೆ

ಹೆರಿಗೆಯಾದ ಮನೆಯಲ್ಲಿ ಹಿರಿಯರು ಆಡುವ ಮಾತನ್ನು ಗಮನವಿಟ್ಟು ಕೇಳಿದರೆ ಒಂದು ವಿಚಿತ್ರವು ಗೋಚರವಾಗುವುದು. ಹೆತ್ತವಳು ಹಸಿ ಬಾಣಂತಿ, ಮಡಿಲಲ್ಲಿರುವುದು ಹಸುಗೂಸು, ನೀರೊಲೆಯಲ್ಲಿ ಉರಿಯದೆ ಹೊಗೆಯಾಡುತ್ತಿರುವುದು ಹಸಿ ಕಟ್ಟಿಗೆ. ಇವುಗಳಲ್ಲಿ ಯಾವುದೂ ಹಸುರು ಬಣ್ಣದ್ದಲ್ಲ. ಆದರೂ ‘ಹಸಿ’ ಮತ್ತು ‘ಹಸುರು’ ಎಂಬ ಎರಡು ನುಡಿಗಳೂ ಒಂದೇ ಬೇರಿನಿಂದ ಒಡೆದ ಚಿಗುರುಗಳಾಗಿವೆ. 1961ರಲ್ಲಿ ಪ್ರಕಟವಾದ ದ್ರಾವಿಡ ಭಾಷೆಗಳ ನಿರುಕ್ತಕೋಶದಲ್ಲಿ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ಇವೆರಡನ್ನೂ ಒಂದೇ ತಲೆಬರಹದ ಕೆಳಗೆ ಸೇರಿಸಿರುವರು. ಹಾಗಾದರೆ ಬಣ್ಣದ ಅರ್ಥವು ಮೊದಲಿನದೋ, ಹಸಿತನದ ಅರ್ಥವು ಮೊದಲಿನದೋ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು.

ಹಳಗನ್ನಡದಲ್ಲಿ ಇವುಗಳ ರೂಪ ‘ಪಸಿ’ ಮತ್ತು ‘ಪಸುರ್’ ಎಂದಿದ್ದಿತು. ಪದದ ಮೊದಲಿನ ಪಕಾರವು ಹಕಾರವಾದ ಬದಲಾವಣೆಯು ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಮೆಲ್ಲಮೆಲ್ಲನೆ ನಡೆದು, ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು 450ನೆಯ ಇಸವಿಯದೆಂದು ಎಣಿಸಲಾಗಿರುವ ಶಾಸನವು ಆ ಊರನ್ನು ‘ಪಲ್ಮಿಡಿ’ ಎಂದೇ ಕರೆದಿರುವುದನ್ನು ಬಲ್ಲವರಿಗೆ ಈ ವಿಷಯದಲ್ಲಿ ಬೇರೆ ಸಾಕ್ಷಿ ಬೇಕಾಗದು. 941ರ ಸುಮಾರಿನ ಪಂಪನಲ್ಲಿ ಪಕಾರದ ಆಳ್ವಿಕೆ. ಹದಿನೈದನೆಯ ಶತಮಾನದ ಕುಮಾರವ್ಯಾಸನಲ್ಲಿ ಹಕಾರದ್ದು.

ಈ ಮಾರ್ಪಾಟಿನಿಂದ ತಪ್ಪಿಸಿಕೊಂಡು ಉಳಿದ ಒಂದು ಶಬ್ದವುಂಟು. ಅದು ‘ಪಚ್ಚೆ’. ರತ್ನಪಡಿಯವನ ತಕ್ಕಡಿಯಲ್ಲಿ ಅದು ಮರಕತಮಣಿ. ಅದೇ ಪಚ್ಚೆಯು ಹಕಾರವನ್ನು ತಾಳಿ ‘ಹಚ್ಚೆ’ಯಾಗಿ, ಹೆಂಗಸರ ಮುಂಗೈಯ ಮೇಲೆ ಸೂಜಿಯಿಂದ ಚುಚ್ಚಿದ ಚಿತ್ತಾರಕ್ಕೆ ಹೆಸರಾಯಿತು, ತೊಗಲಿನೊಳಗೆ ನಿಂತ ಕಪ್ಪು ಹೊರಕ್ಕೆ ಹಸುರುನೀಲಿಯಾಗಿ ತೋರುವುದನ್ನು ಕಂಡವರು ಈ ಹೆಸರಿನ ಔಚಿತ್ಯವನ್ನು ಒಪ್ಪದಿರಲಾರರು. ಆದರೆ ದೇವಸ್ಥಾನದ ತೀರ್ಥಪ್ರಸಾದಗಳಲ್ಲಿ ಬೆರೆಯುವ ಪಚ್ಚಕರ್ಪೂರವನ್ನು ನೋಡಿರಿ. ಅದು ಅಚ್ಚ ಬಿಳುಪು. ಅಲ್ಲಿ ‘ಪಚ್ಚ’ ಎಂದರೆ ಹಸುರಲ್ಲ, ಸಂಸ್ಕರಿಸದ ಹಸಿಯ ಪದಾರ್ಥ ಎಂದೇ ಅರ್ಥ. ಹೆಸರನ್ನು ನಂಬಿ ಅಂಗಡಿಯಲ್ಲಿ ಹಸುರು ಕರ್ಪೂರವನ್ನು ಕೇಳುವವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ನೆರೆಯ ನಾಡುಗಳಲ್ಲಿ ಈ ಬೇರು ಹರಡಿರುವ ಬಗೆಯು ಇನ್ನೂ ಸ್ವಾರಸ್ಯವಾಗಿದೆ. ತಮಿಳರು ಬಣ್ಣಕ್ಕೂ ಹಸಿತನಕ್ಕೂ ‘ಪಚ್ಚೈ’ ಎಂಬ ಒಂದೇ ಮಾತನ್ನು ಇಟ್ಟುಕೊಂಡಿರುವರು; ಕಾಯಿಸದ ತಣ್ಣೀರು ಅವರಿಗೆ ಪಚ್ಚೈ ನೀರು, ಕುದಿಸದ ಭತ್ತದಿಂದ ತೆಗೆದ ಬೆಳ್ಳನೆಯ ಅಕ್ಕಿಯು ಪಚ್ಚರಿಸಿ. ಕೇರಳದ ಕಥಕಳಿಯಲ್ಲಿ ನಳ, ಅರ್ಜುನ ಮೊದಲಾದ ಧೀರನಾಯಕರ ಹಸುರು ಮುಖವರ್ಣಿಕೆಗೆ ‘ಪಚ್ಚ’ ಎಂದು ಹೆಸರು. ತೆಲುಗರ ದಾರಿಯೇ ಬೇರೆ. ಅವರಲ್ಲಿ ‘ಪಚ್ಚ’ವು ಹಳದಿಯ ಕಡೆಗೆ ಸರಿದು, ಅರಿಸಿನವು ‘ಪಸುಪು’ ಎನಿಸಿಕೊಂಡಿತು. ಹಸುರನ್ನು ಬೇರ್ಪಡಿಸಿ ಹೇಳಬೇಕಾದಾಗ ‘ಆಕುಪಚ್ಚ’, ಅಂದರೆ ಎಲೆಯ ಪಚ್ಚ, ಎಂದು ವಿಶೇಷಣವನ್ನು ಸೇರಿಸಬೇಕಾಯಿತು. ಬಣ್ಣದಲ್ಲಿ ಹೀಗೆ ದಾರಿಗಳು ಕವಲೊಡೆದರೂ ಮೂರು ನುಡಿಗಳೂ ಒಂದು ಕಡೆ ಕೂಡಿಕೊಂಡಿವೆ. ನಾಚಿಕೆಯಿಲ್ಲದ ಸುಳ್ಳು ಕನ್ನಡಿಗನಿಗೆ ಹಸಿ ಸುಳ್ಳು, ತೆಲುಗನಿಗೆ ಪಚ್ಚಿ ಅಬದ್ಧ, ತಮಿಳನಿಗೆ ಪಚ್ಚೈ ಪೊಯ್. ಬಣ್ಣವು ಹಳದಿಗೆ ಜಾರಿದ ತೆಲುಗಿನಲ್ಲಿಯೂ ಹಸಿತನದ ಅರ್ಥವು ಕದಲದೆ ನಿಂತಿರುವುದನ್ನು ನೋಡಿದರೆ, ಅದೇ ಮೂಲವೆಂದೂ ಬಣ್ಣವು ಎಳೆಯ ಎಲೆಯನ್ನೂ ಪೈರನ್ನೂ ನೋಡಿ ಆಮೇಲೆ ಕೂಡಿಕೊಂಡಿತೆಂದೂ ತಿಳಿಯುವುದು ಯುಕ್ತವಾಗಿದೆ. ಹಸಿವು, ಹಸು ಎಂಬ ಮಾತುಗಳನ್ನು ಮಾತ್ರ ಈ ಬಳಗಕ್ಕೆ ಎಳೆದು ತರಬಾರದು. ಮೊದಲನೆಯದಕ್ಕೆ ಬೇರೊಂದು ಮೂಲವುಂಟು. ಎರಡನೆಯದು ಸಂಸ್ಕೃತದ ‘ಪಶು’ವಿನ ತದ್ಭವ.

ಇದು ಕೇವಲ ಶಬ್ದವಿನೋದವೆಂದು ತೋರಬಹುದು. ಆದರೆ ಇಂಥ ಒಂದು ಶಬ್ದವನ್ನು ತಪ್ಪಾಗಿ ಅಳೆದುದರಿಂದ ಒಂದು ಜನಾಂಗದ ಕಣ್ಣಿಗೇ ಕುಂದನ್ನು ಹೊರಿಸಿದ ಪ್ರಸಂಗವು ನಡೆದುಹೋಗಿದೆ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಗ್ಲಾಡ್‌ಸ್ಟನ್ನನು 1858ರಲ್ಲಿ ಹೋಮರನನ್ನು ಕುರಿತು ಮೂರು ಸಂಪುಟಗಳ ಗ್ರಂಥವೊಂದನ್ನು ಪ್ರಕಟಿಸಿದನು. ಆ ಕವಿಯು ‘ಖ್ಲೋರೋಸ್’ ಎಂಬ ಒಂದೇ ವಿಶೇಷಣವನ್ನು ಜೇನಿಗೂ, ಆಗತಾನೆ ಕಡಿದ ಆಲಿವ್ ಮರದ ದೊಣ್ಣೆಗೂ, ಭಯಕ್ಕೂ ಹಚ್ಚಿರುವನು. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ, ಆ ಕಾಲದ ಗ್ರೀಕರಲ್ಲಿ ಬಣ್ಣವನ್ನು ಗ್ರಹಿಸುವ ಶಕ್ತಿಯೇ ಪೂರ್ಣವಾಗಿ ಬೆಳೆದಿರಲಿಲ್ಲವೆಂದು ಗ್ಲಾಡ್‌ಸ್ಟನ್ನನು ತೀರ್ಮಾನಿಸಿದನು. 1867ರಲ್ಲಿ ಗೈಗರನೆಂಬ ಜರ್ಮನ್ ವಿದ್ವಾಂಸನು ಇದೇ ಬಗೆಯ ವಾದವನ್ನು ಋಗ್ವೇದದವರೆಗೂ ಚಾಚಿ, ಅಷ್ಟು ಸಲ ಆಕಾಶವನ್ನು ಕೊಂಡಾಡುವ ಋಷಿಗಳು ಅದನ್ನು ನೀಲವೆಂದು ಎಲ್ಲಿಯೂ ಹೇಳಲಿಲ್ಲವೆಂದು ಎತ್ತಿ ತೋರಿಸಿದನು.

ಇವರ ವಿದ್ವತ್ತು ದೊಡ್ಡದು. ಆದರೆ ಹಸಿ ಗಾಯಕ್ಕೆ ಅರಿಸಿನ ಹಚ್ಚುವ ಕನ್ನಡದ ಅಜ್ಜಿಯೊಬ್ಬಳು ಇವರಿಗೆ ದೊರೆತಿದ್ದರೆ ಗ್ರಂಥದ ಕೆಲವು ಪುಟಗಳಾದರೂ ಉಳಿಯುತ್ತಿದ್ದವು. ಗಾಯವು ಕೆಂಪೆಂಬುದು ಆಕೆಗೆ ಚೆನ್ನಾಗಿ ಕಾಣುವುದು. ಆಕೆಯು ಹೇಳುವುದು ಅದರ ಬಣ್ಣವನ್ನಲ್ಲ, ಅದು ಇನ್ನೂ ಒಣಗಿಲ್ಲವೆಂಬುದನ್ನು. ಹೋಮರನ ದೊಣ್ಣೆಯೂ ಹೀಗೆಯೇ ಹಸಿಯ ದೊಣ್ಣೆ. ಇಂಗ್ಲಿಷಿನ ‘ಗ್ರೀನ್’ ಕೂಡ ಬೆಳೆಯುವುದು ಎಂಬರ್ಥದ ‘ಗ್ರೋ’ ಶಬ್ದದ ಒಡಹುಟ್ಟಾಗಿರುವುದರಿಂದ, ಗ್ಲಾಡ್‌ಸ್ಟನ್ನನು ತನ್ನ ಮನೆಮಾತನ್ನು ವಿಚಾರಿಸಿದ್ದರೂ ಸಾಕಾಗಿದ್ದಿತು.

ಈಚಿನ ಕಾಲದಲ್ಲಿ ‘ಹಸುರು’ ಎಂಬುದು ಬಣ್ಣದ ಹೆಸರಾಗಿಯೇ ಹೆಚ್ಚು ಬಳಕೆಯಾಗುತ್ತಿದೆ; ‘ಹಸಿರು’ ಎಂದು ಬರೆಯುವವರೇ ಈಗ ಹೆಚ್ಚು. ರೈಲ್ವೆ ನಿಲ್ದಾಣದ ಹಸುರು ನಿಶಾನೆಯು ಅಪ್ಪಣೆಯ ಗುರುತಾಯಿತು. 1960ರ ದಶಕದಲ್ಲಿ ಗೋಧಿ ಬತ್ತಗಳ ಹೊಸ ತಳಿಗಳೊಡನೆ ಹಸುರು ಕ್ರಾಂತಿಯು ಬಂದಿತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದವರ ಹೆಗಲ ಮೇಲೆ ಹಸುರು ಶಾಲು ಏರಿತು. ‘ಹಸಿ’ಯಾದರೋ ಬಣ್ಣದ ಗೊಡವೆಗೆ ಹೋಗದೆ ಹಳೆಯ ಕೆಲಸದಲ್ಲಿಯೇ ನಿಂತಿದೆ. ಸೌದೆಯ ಹೊರೆಯನ್ನು ಕೊಳ್ಳುವವರು ತೊಗಟೆಯ ಬಣ್ಣವನ್ನು ನೋಡುವುದಿಲ್ಲ; ಒಂದು ಕೊರಡನ್ನು ಎತ್ತಿ, ಅದರ ಭಾರವನ್ನು ಕೈಯಲ್ಲಿ ತೂಗಿ, ಇದು ಹಸಿಯೆಂದು ಹಿಂದಕ್ಕೆ ಇಡುವರು.