ಹಳೆಯ ಟೇಪನ್ನು ಓವನ್‌ನಲ್ಲಿಟ್ಟರೆ ಹಾಡು ವಾಪಸ್ ಬರುತ್ತದೆಯೇ? ಟೇಪ್ ರೆಕಾರ್ಡರ್ ಬಗ್ಗೆ ಓಡಾಡುವ ಮಾತುಗಳ ನಿಜ–ಸುಳ್ಳು

"ಹಳೆಯ ಟೇಪ್ ಅಂಟಿಕೊಂಡಿದೆಯಾ? ಓವನ್‌ನಲ್ಲಿಟ್ಟು ಬಿಸಿ ಮಾಡಿ." "ಹೆಡ್ ಕೊಳೆಯಾಗಿದೆಯಾ? ಸ್ಯಾನಿಟೈಸರ್ ಹಾಕಿ ಒರೆಸಿ." "ಕ್ಯಾಸೆಟ್ ಪಕ್ಕ ಮೊಬೈಲ್ ಇಟ್ಟರೆ ಎಲ್ಲಾ ಅಳಿಸಿಹೋಗುತ್ತೆ." ಇಂಥ ಸಲಹೆಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಇವುಗಳಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ತಪ್ಪು, ಮೂರನೆಯದು ಉತ್ಪ್ರೇಕ್ಷೆ.

ಸಲಹೆ ತಪ್ಪಾಗಿ ಮಿಕ್ಸಿ ಕೆಟ್ಟರೆ ಹೊಸದು ತರಬಹುದು. ಆದರೆ ಅಜ್ಜಿಯ ಸೋಬಾನೆ ಪದ ಅಥವಾ ಊರ ಜಾತ್ರೆಯ ಹರಿಕಥೆ ಇರುವ ಒಂದೇ ಒಂದು ಟೇಪ್ ಹಾಳಾದರೆ ಅದು ಮತ್ತೆ ಸಿಗುವುದಿಲ್ಲ. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಅಲ್ಲಿ ಕಡೆದ ಕಲ್ಲಿನ ವಿಗ್ರಹ ನೂರಾರು ವರ್ಷ ನಿಲ್ಲುತ್ತದೆ. ಅದೇ ಊರಿನ ಮನೆಯೊಂದರ ಅಟ್ಟದಲ್ಲಿರುವ ಧ್ವನಿಸುರುಳಿಯ ಆಯಸ್ಸು ಕೆಲವೇ ದಶಕ. ಆದ್ದರಿಂದ ಟೇಪ್ ರೆಕಾರ್ಡರ್ ಹೇಗೆ ಕೆಲಸ ಮಾಡುತ್ತದೆ, ಅದನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮೊದಲು ತಿಳಿಯೋಣ.

ಟೇಪಿನಲ್ಲಿ ದನಿ ಎಲ್ಲಿರುತ್ತದೆ?

ಟೇಪ್ ಎಂದರೆ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡ್‌ನ ಸಣ್ಣ ಕಣಗಳನ್ನು ಒಂದು ಬಗೆಯ ಅಂಟಿನಲ್ಲಿ ಬೆರೆಸಿ ಲೇಪಿಸಿರುತ್ತಾರೆ. ರೆಕಾರ್ಡ್ ಹೆಡ್ ಈ ಕಣಗಳಲ್ಲಿ ದನಿಯನ್ನು ಕಾಂತೀಯ ಗುರುತಾಗಿ ಮೂಡಿಸುತ್ತದೆ. ಪ್ಲೇಬ್ಯಾಕ್ ಹೆಡ್ ಆ ಗುರುತನ್ನು ಓದಿ ಮತ್ತೆ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ.

ಮನೆಯ ಕ್ಯಾಸೆಟ್‌ನ ಟೇಪ್ ಅಗಲ 3.81 ಮಿಲಿಮೀಟರ್. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಸ್ಟುಡಿಯೊದ ಮಲ್ಟಿಟ್ರ್ಯಾಕ್ ಮಷಿನ್ ಇದರ ದೊಡ್ಡಣ್ಣ. 24 ಟ್ರ್ಯಾಕ್‌ನ ಮಷಿನ್‌ನಲ್ಲಿ ಟೇಪ್ ಎರಡು ಇಂಚು ಅಗಲವಿದ್ದು, ಸೆಕೆಂಡಿಗೆ 38 ಅಥವಾ 76 ಸೆಂಟಿಮೀಟರ್ ಓಡುತ್ತದೆ. ಒಂದು ಟ್ರ್ಯಾಕ್‌ನಲ್ಲಿ ಗಾಯಕರ ದನಿ, ಇನ್ನೊಂದರಲ್ಲಿ ಕೊಳಲು, ಮತ್ತೊಂದರಲ್ಲಿ ತಬಲಾ ಹೀಗೆ ಬೇರೆ ಬೇರೆಯಾಗಿ ತುಂಬಿ ಕೊನೆಗೆ ಬೆರೆಸುತ್ತಾರೆ. ಆಂಪೆಕ್ಸ್, ಸ್ಟೂಡರ್, ಎಂಸಿಐ, ಓಟಾರಿ ಇಂಥ ಮಷಿನ್ ತಯಾರಿಸಿದ ಕಂಪನಿಗಳು.

ಕನ್ನಡ ಚಿತ್ರಗೀತೆಗಳು ದಶಕಗಳ ಕಾಲ ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಆ ಕೆಲಸ ಬೆಂಗಳೂರಿನಲ್ಲೇ ಆಗಲಿ ಎಂದು ಸಂಕೇತ್ ಸ್ಟುಡಿಯೊ ಕಟ್ಟಿದವರು ಶಂಕರ್ ನಾಗ್. ಮೈಸೂರು, ಧಾರವಾಡ, ಬೆಂಗಳೂರು ಆಕಾಶವಾಣಿ ಕೇಂದ್ರಗಳು ಕಾಲು ಇಂಚಿನ ಸ್ಪೂಲ್ ಟೇಪ್ ಬಳಸುತ್ತಿದ್ದವು. 1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ಹೆಸರಾಗಿದೆ. ಅಂದರೆ ನಾವು ಇಂದು ಮೊಬೈಲಿನಲ್ಲಿ ಕೇಳುವ ಹಳೆಯ ಹಾಡುಗಳಲ್ಲಿ ಬಹುಪಾಲು ಒಮ್ಮೆ ಟೇಪಿನ ಮೇಲೆ ಓಡಿದಂಥವೇ.

ಕ್ಯಾಲಿಬ್ರೇಷನ್ ಎಂದರೇನು?

ತರಕಾರಿ ಅಂಗಡಿಯ ತಕ್ಕಡಿಯನ್ನು ಸರಿಯಾದ ತೂಕದ ಕಲ್ಲಿಟ್ಟು ಪರೀಕ್ಷಿಸುತ್ತಾರಲ್ಲ, ಇದೂ ಹಾಗೆಯೇ. ಇಲ್ಲಿ ತೂಕದ ಕಲ್ಲಿನ ಜಾಗದಲ್ಲಿರುವುದು ಟೆಸ್ಟ್ ಟೇಪ್. ಗೊತ್ತಿರುವ ಮಟ್ಟದಲ್ಲಿ ಗೊತ್ತಿರುವ ಸ್ವರಗಳನ್ನು ತುಂಬಿರುವ ಟೇಪ್ ಇದು. ಅಮೆರಿಕದ ಮ್ಯಾಗ್ನೆಟಿಕ್ ರೆಫರೆನ್ಸ್ ಲ್ಯಾಬೊರೇಟರಿ ಇಂಥ ಟೇಪ್‌ಗಳಿಗೆ ಹೆಸರಾದ ಸಂಸ್ಥೆ. ಕೆಲಸ ಈ ಕ್ರಮದಲ್ಲಿ ನಡೆಯಬೇಕು:

1. ಶುಚಿ: ಹೆಡ್, ಟೇಪ್ ಸಾಗುವ ಗೈಡ್, ಉಕ್ಕಿನ ಕ್ಯಾಪ್‌ಸ್ಟನ್, ರಬ್ಬರ್ ರೋಲರ್ ಇವುಗಳ ಮೇಲಿನ ಕಂದು ಪುಡಿ ತೆಗೆಯುವುದು.

2. ಡಿಮ್ಯಾಗ್ನೆಟೈಸ್: ಹೆಡ್‌ನಲ್ಲಿ ಉಳಿದ ಕಾಂತತ್ವ ಟೇಪಿನ ಚುರುಕಾದ ಸ್ವರಗಳನ್ನು ನಿಧಾನವಾಗಿ ಸವೆಸುತ್ತದೆ, 'ಹಿಸ್' ಸದ್ದು ಹೆಚ್ಚಿಸುತ್ತದೆ. ಮಷಿನ್ ಆಫ್ ಮಾಡಿ, ಟೇಪ್‌ಗಳನ್ನು ದೂರವಿಟ್ಟು, ಆಮೇಲೆ ಈ ಕೆಲಸ. ಉಪಕರಣವನ್ನು ಹೆಡ್‌ನಿಂದ ನಿಧಾನವಾಗಿ ದೂರ ಒಯ್ದ ಮೇಲಷ್ಟೇ ಸ್ವಿಚ್ ಆಫ್ ಮಾಡಬೇಕು.

3. ಹೆಡ್‌ನ ಕೋನ: ಟೇಪ್ ಸಾಗುವ ದಿಕ್ಕಿಗೆ ಹೆಡ್‌ನ ಸೀಳು ಸರಿಯಾಗಿ ಲಂಬವಾಗಿರಬೇಕು. ಇದಕ್ಕೆ ಅಜಿಮತ್ ಎನ್ನುತ್ತಾರೆ.

4. ಪ್ಲೇಬ್ಯಾಕ್: ಟೆಸ್ಟ್ ಟೇಪ್ ಓಡಿಸಿ ಪ್ರತಿ ಟ್ರ್ಯಾಕ್‌ನ ಮಟ್ಟವನ್ನು, ಚುರುಕು ಸ್ವರಗಳ ಪ್ರಮಾಣವನ್ನು ಸರಿಪಡಿಸುವುದು. ಮಲ್ಟಿಟ್ರ್ಯಾಕ್‌ನಲ್ಲಿ ಇದನ್ನು ಎರಡು ಸಲ ಮಾಡಬೇಕು. ಹಳೆಯ ಟ್ರ್ಯಾಕ್ ಕೇಳುತ್ತಾ ಹೊಸದನ್ನು ಹಾಡುವಾಗ ರೆಕಾರ್ಡ್ ಹೆಡ್ಡೇ ಓದುವ ಕೆಲಸವನ್ನೂ ಮಾಡುತ್ತದೆ, ಅದಕ್ಕೂ ಪ್ರತ್ಯೇಕ ಹೊಂದಾಣಿಕೆ ಬೇಕು.

5. ಬಯಾಸ್: ಕಿವಿಗೆ ಕೇಳದಷ್ಟು ಎತ್ತರದ ಸಂಕೇತವನ್ನು ದನಿಯ ಜೊತೆ ಬೆರೆಸದಿದ್ದರೆ ಟೇಪಿನಲ್ಲಿ ದನಿ ಒಡೆಯುತ್ತದೆ. ಅದರ ಪ್ರಮಾಣ ಕಡಿಮೆಯಾದರೆ ದನಿ ಕರ್ಕಶ, ಹೆಚ್ಚಾದರೆ ಮಂಕು. 10 ಕಿಲೋಹರ್ಟ್ಸ್ ಸ್ವರ ತುಂಬುತ್ತಾ ಬಯಾಸ್ ಏರಿಸಿದರೆ ಸದ್ದು ಒಂದು ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಎಷ್ಟು ಇಳಿದಾಗ ನಿಲ್ಲಿಸಬೇಕು ಎಂಬುದು ಟೇಪಿನ ಬ್ರ್ಯಾಂಡ್ ಮತ್ತು ವೇಗದ ಮೇಲೆ ನಿಂತಿದೆ.

6. ರೆಕಾರ್ಡ್ ಮಟ್ಟ: ಒಳಗೆ ಹೋದಷ್ಟೇ ದನಿ ಹೊರಗೂ ಬರುವಂತೆ ಹೊಂದಿಸುವುದು.

ಓದುವುದನ್ನು ಮೊದಲು ಸರಿಪಡಿಸಿ, ಬರೆಯುವುದನ್ನು ಆಮೇಲೆ ಸರಿಪಡಿಸಬೇಕು. ಉಲ್ಟಾ ಮಾಡಿದರೆ ತಪ್ಪು ತಕ್ಕಡಿಯಲ್ಲಿ ತೂಕದ ಕಲ್ಲನ್ನೇ ತೂಗಿದಂತೆ. ಒಂದು ಟ್ರ್ಯಾಕ್‌ಗೆ ಏಳು ಹೊಂದಾಣಿಕೆ ಎಂದುಕೊಂಡರೂ 24 ಟ್ರ್ಯಾಕ್‌ಗೆ 168 ಆಗುತ್ತದೆ. ಬೇರೆ ಬ್ರ್ಯಾಂಡಿನ ಟೇಪ್ ಬಂದರೆ ಕೊನೆಯ ಎರಡು ಹಂತಗಳನ್ನು ಮತ್ತೆ ಮಾಡಬೇಕು.

ಕೂದಲೆಳೆಗಿಂತ ಸಣ್ಣ ತಪ್ಪು

ಕೋನ ಸ್ವಲ್ಪ ಓರೆಯಾದರೆ ಏನಾಗುತ್ತದೆ? ಒಂದು ಲೆಕ್ಕ ಹಾಕೋಣ. ಕ್ಯಾಸೆಟ್‌ನಲ್ಲಿ 10,000 ಹರ್ಟ್ಸ್ ಸ್ವರದ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ ಒಂದು ಮಿಲಿಮೀಟರಿನ ಸುಮಾರು 200ನೇ ಒಂದು ಭಾಗ. ಮೋನೊ ಟ್ರ್ಯಾಕ್‌ನ ಅಗಲ ಸುಮಾರು 1.5 ಮಿಲಿಮೀಟರ್. ಹೆಡ್ 0.18 ಡಿಗ್ರಿ ಓರೆಯಾದರೆ ಟ್ರ್ಯಾಕ್‌ನ ಮೇಲಂಚು ಮತ್ತು ಕೆಳಂಚಿನ ನಡುವೆ ಒಂದು ಪೂರ್ತಿ ಅಲೆಯ ವ್ಯತ್ಯಾಸ ಬಂದು ಆ ಸ್ವರ ತನ್ನನ್ನು ತಾನೇ ರದ್ದುಮಾಡಿಕೊಳ್ಳುತ್ತದೆ. ಒಂದು ಡಿಗ್ರಿಯ ಐದನೇ ಒಂದು ಭಾಗಕ್ಕೂ ಕಡಿಮೆ ಓರೆಗೆ ತಾಳದ ಝಣಝಣ, 'ಸ', 'ಶ' ಅಕ್ಷರಗಳ ಚುರುಕು ಮಾಯ!

ಆದ್ದರಿಂದ ಕ್ಯಾಸೆಟ್ ಮಂಕಾಗಿ ಕೇಳಿಸಿದ ತಕ್ಷಣ ಟೇಪ್ ಸತ್ತಿದೆ ಎಂದು ಎಸೆಯಬೇಡಿ. ದನಿ ಟೇಪಿನಲ್ಲೇ ಇರಬಹುದು, ಓದುವ ಹೆಡ್ ಓರೆಯಾಗಿರಬಹುದು.

ಈಗ ಓಡಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ಟೇಪನ್ನು ಓವನ್‌ನಲ್ಲಿಟ್ಟರೆ ಸರಿಯಾಗುತ್ತದೆ

ಅರ್ಧ ನಿಜ. 1970 ಮತ್ತು 80ರ ದಶಕದ ಕೆಲವು ಸ್ಟುಡಿಯೊ ಟೇಪ್‌ಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಆಂಪೆಕ್ಸ್ 456 ಇದರ ಪ್ರಸಿದ್ಧ ಉದಾಹರಣೆ. ಇಂಥ ಟೇಪ್ ಓಡುವಾಗ ಕಿರುಗುಟ್ಟುತ್ತದೆ, ಹೆಡ್‌ಗೆ ಕಂದು ಮೇಣ ಮೆತ್ತಿಕೊಳ್ಳುತ್ತದೆ. ತಜ್ಞರು ಇದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉಷ್ಣತೆ ಏರಿಳಿಯದ ಉಪಕರಣದಲ್ಲಿ ಹಲವು ಗಂಟೆ ಇಡುತ್ತಾರೆ. ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗಿ ಕೆಲವು ವಾರ ಟೇಪ್ ಓಡುತ್ತದೆ. ಅಷ್ಟರೊಳಗೆ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು.

ಮನೆಯ ಕ್ಯಾಸೆಟ್‌ಗಳಲ್ಲಿ ಈ ರೋಗ ಅಪರೂಪ. ಅಡುಗೆಮನೆಯ ಓವನ್‌ನ ಉಷ್ಣತೆ ಸ್ಥಿರವಲ್ಲ, ಕ್ಯಾಸೆಟ್‌ನ ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಹಳೆಯ ಅಸಿಟೇಟ್ ಸ್ಪೂಲ್‌ಗಳನ್ನು ತಜ್ಞರೂ ಹೀಗೆ ಬಿಸಿ ಮಾಡುವುದಿಲ್ಲ. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುತ್ತಿದ ಟೇಪಿನ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್ ಆಗಿರುವ ಸಾಧ್ಯತೆ ಹೆಚ್ಚು.

ಮಾತು 2: ಹೆಡ್ ಒರೆಸಲು ಸ್ಯಾನಿಟೈಸರ್ ಸಾಕು

ತಪ್ಪು. ಸ್ಯಾನಿಟೈಸರ್‌ನಲ್ಲಿ ನೀರು, ಗ್ಲಿಸರಿನ್, ಪರಿಮಳ ಸೇರಿರುತ್ತವೆ, ಒಣಗಿದ ಮೇಲೆ ಪದರ ಉಳಿಯುತ್ತದೆ. ನೇಲ್ ಪಾಲಿಶ್ ರಿಮೂವರ್ ಪ್ಲಾಸ್ಟಿಕ್ಕನ್ನೇ ಕರಗಿಸಬಹುದು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಕೂಡ ಬೇಡ. ಲೋಹದ ಭಾಗಗಳಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನಾರು ಬಿಡದ ಬಡ್ಸ್ ಬಳಸಿ. ರಬ್ಬರ್ ರೋಲರನ್ನು ಆಲ್ಕೊಹಾಲ್‌ನಲ್ಲಿ ನೆನೆಸಬೇಡಿ, ಕೆಲವು ರಬ್ಬರ್ ಒಣಗಿ ಬಿರಿಯುತ್ತವೆ.

ಶಿವಾರಪಟ್ಟಣದಂಥ ಕಲ್ಲುಕೆಲಸದ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಗ್ರಾನೈಟ್ ಪುಡಿಯಲ್ಲಿರುವ ಸ್ಫಟಿಕ ಶಿಲೆ ಹೆಡ್‌ನ ಲೋಹಕ್ಕಿಂತ ಗಟ್ಟಿ. ಆ ಪುಡಿ ಹೆಡ್ ಮತ್ತು ಟೇಪಿನ ನಡುವೆ ಸಿಕ್ಕರೆ ಎರಡಕ್ಕೂ ಗೀರು ಬೀಳುತ್ತದೆ. ಇಂಥ ಕಡೆ ಟೇಪ್, ಡೆಕ್ ಎರಡನ್ನೂ ಡಬ್ಬದಲ್ಲಿ ಮುಚ್ಚಿಡಿ.

ಮಾತು 3: ಪಕ್ಕದಲ್ಲಿ ಮೊಬೈಲ್ ಇಟ್ಟರೆ ಟೇಪ್ ಅಳಿಸಿಹೋಗುತ್ತದೆ

ಉತ್ಪ್ರೇಕ್ಷೆ. ಮೊಬೈಲ್‌ನ ಸಣ್ಣ ಅಯಸ್ಕಾಂತದ ಬಲ ಕೆಲವೇ ಸೆಂಟಿಮೀಟರ್ ದೂರದಲ್ಲಿ ಬಹಳ ಕುಗ್ಗುತ್ತದೆ. ನಿಜವಾದ ಅಪಾಯ ದೊಡ್ಡ ಸ್ಪೀಕರ್‌ಗೆ ತಾಗಿಸಿಡುವುದು, ಬಲವಾದ ಅಯಸ್ಕಾಂತಕ್ಕೆ ಅಂಟಿಸುವುದು. ವಿಮಾನ ನಿಲ್ದಾಣದ ಎಕ್ಸ್‌-ರೇ ಕೂಡ ಟೇಪನ್ನು ಅಳಿಸುವುದಿಲ್ಲ, ಏಕೆಂದರೆ ಎಕ್ಸ್‌-ರೇ ಅಯಸ್ಕಾಂತವಲ್ಲ.

ಮಾತು 4: ಹಾಡಿನ ಮುಂಚೆ ಪಿಸುದನಿ ಕೇಳಿದರೆ ಅದು ದೆವ್ವ

ಅಲ್ಲ. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತೀಯ ಗುರುತು ಪಕ್ಕದ ಸುತ್ತಿಗೆ ಸ್ವಲ್ಪ ಅಂಟುತ್ತದೆ. ಇದಕ್ಕೆ ಪ್ರಿಂಟ್-ಥ್ರೂ ಎಂದು ಹೆಸರು. ಆದ್ದರಿಂದ ಹಾಡು ಶುರುವಾಗುವ ಒಂದೆರಡು ಸೆಕೆಂಡ್ ಮೊದಲೇ ಅದೇ ಹಾಡು ಕ್ಷೀಣವಾಗಿ ಕೇಳುತ್ತದೆ. ಅರ್ಥವಾಗದ ಭಾಷೆಯಲ್ಲಿ ಯಾರೋ ಮಾತಾಡಿದಂತೆ ಕೇಳಿದರೆ, ಅದು ಕ್ಯಾಸೆಟ್‌ನ ಇನ್ನೊಂದು ಬದಿಯ ದನಿ ಉಲ್ಟಾ ಸೋರುತ್ತಿರುವುದು. ಹೆಡ್‌ನ ಎತ್ತರ ಸರಿಪಡಿಸಿದರೆ ಇದು ಕಡಿಮೆಯಾಗುತ್ತದೆ.

ಮಾತು 5: ಟೇಪಿನ ಆರಂಭದ 'ಕೂ' ಸದ್ದು ವ್ಯರ್ಥ, ಕತ್ತರಿಸಿ ಬಿಸಾಡಿ

ಖಂಡಿತ ಬೇಡ. ಸ್ಟುಡಿಯೊ ಟೇಪ್‌ಗಳ ಆರಂಭದಲ್ಲಿ ಎಂಜಿನಿಯರ್‌ಗಳು ಬೇಕೆಂದೇ ಅಳತೆಯ ಸ್ವರಗಳನ್ನು ತುಂಬುತ್ತಿದ್ದರು. ನಲವತ್ತು ವರ್ಷದ ನಂತರ ಬೇರೆ ಮಷಿನ್‌ನಲ್ಲಿ ಆ ಟೇಪ್ ಹಾಕುವವರು ಅದೇ ಸ್ವರ ಕೇಳಿ ಮಟ್ಟ ಮತ್ತು ಕೋನ ಹೊಂದಿಸಿಕೊಳ್ಳುತ್ತಾರೆ. ಅದನ್ನು ಕತ್ತರಿಸುವುದೆಂದರೆ ಅಳತೆಗೋಲನ್ನೇ ಬಿಸಾಡಿದಂತೆ.

ಮಾತು 6: ಅಮೆರಿಕದಿಂದ ತಂದ ರೆಕಾರ್ಡರ್‌ಗೆ ವೋಲ್ಟೇಜ್ ಕನ್ವರ್ಟರ್ ಇದ್ದರೆ ಸಾಕು

ಎಲ್ಲ ಮಷಿನ್‌ಗೂ ಸಾಲದು. ಅಮೆರಿಕದ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಹಳೆಯ ಸಿಂಕ್ರೋನಸ್ ಮೋಟಾರ್‌ನ ವೇಗ ಈ ಹರ್ಟ್ಸ್ ಮೇಲೆಯೇ ನಿಂತಿರುವುದರಿಂದ ಟೇಪ್ ಆರರಲ್ಲಿ ಐದು ಭಾಗ ವೇಗದಲ್ಲಿ ಓಡಿ, ಶ್ರುತಿ ಮೂರು ಸ್ವರಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಆ ಮಾದರಿಗೆ ಹೊಂದುವ 50 ಹರ್ಟ್ಸ್‌ನ ಪುಲಿ ಬೇಕಾಗುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು

• ಕ್ಯಾಸೆಟ್‌ನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ದನಿ ಅಳಿಸುವುದಿಲ್ಲ.

• ಬಿಳಿ ಬೂಷ್ಟು ಕಂಡರೆ ಓಡಿಸಬೇಡಿ. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಸಾಮಾನ್ಯ. ಮೊದಲು ತಜ್ಞರಿಗೆ ತೋರಿಸಿ.

• ಅಮೂಲ್ಯ ಟೇಪ್ ಹಾಕುವ ಮುನ್ನ, ಹೋದರೂ ಪರವಾಗಿಲ್ಲ ಎನ್ನುವ ಕ್ಯಾಸೆಟ್ ಹಾಕಿ ಡೆಕ್ ಪರೀಕ್ಷಿಸಿ.

• ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಬಲ್ಲ ಮೆಕ್ಯಾನಿಕ್ ಹುಡುಕಿ. ಓರೆ ಹೆಡ್‌ನಲ್ಲಿ ತುಂಬಿದ ಟೇಪನ್ನು ಅದೇ ಓರೆಯಲ್ಲಿ ಓದಬೇಕು. ಹಾಗಾಗಿ ಆ ಟೇಪಿನ ದನಿ ಅತ್ಯಂತ ಸ್ಪಷ್ಟವಾಗುವ ಜಾಗಕ್ಕೆ ಹೊಂದಿಸಿ, ಕೆಲಸ ಮುಗಿದ ಮೇಲೆ ಸ್ಕ್ರೂ ಮೊದಲಿನ ಜಾಗಕ್ಕೆ ತರಬೇಕು.

• ಸ್ಪೀಕರ್ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿದರೆ ಫ್ಯಾನಿನ ಸದ್ದೂ ಸೇರುತ್ತದೆ. ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ತಂತಿ ಹಾಕಿ, ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿ.

• ವಾಟ್ಸಾಪ್‌ನಲ್ಲಿ ಹಂಚಲು ಬೇರೆ ಸಣ್ಣ ಪ್ರತಿ ಮಾಡಿ. ಮೂಲ ಫೈಲ್ ಎರಡು ಬೇರೆ ಕಡೆ ಇರಲಿ. ಟೇಪನ್ನೂ ಎಸೆಯಬೇಡಿ.

ಏಕಿಷ್ಟು ಅವಸರ?

ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಒಂದು ಗಡುವು ಹೇಳಿತ್ತು: 2025ರೊಳಗೆ ಡಿಜಿಟಲ್ ಆಗದ ಟೇಪ್‌ಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ ಎಂದು. ಆ ವರ್ಷದೊಂದಿಗೆ ಟೇಪ್‌ಗಳೆಲ್ಲ ಪುಡಿಯಾಗುತ್ತವೆ ಎಂದು ಇದರ ಅರ್ಥವಲ್ಲ. ಓಡುವ ಮಷಿನ್, ಸಿಗುವ ಬಿಡಿಭಾಗ, ಕೋನ ಸರಿಪಡಿಸಬಲ್ಲ ಕೈ ಈ ಮೂರೂ ಟೇಪಿಗಿಂತ ಮೊದಲೇ ಮುಗಿಯುತ್ತಿವೆ ಎಂದರ್ಥ.

ನಿಮ್ಮ ಊರಿನಲ್ಲಿ ಹಳೆಯ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು ಇದ್ದರೆ ಈ ತಿಂಗಳೇ ಹೋಗಿ ಮಾತನಾಡಿಸಿ, ಅಟ್ಟದ ಕ್ಯಾಸೆಟ್‌ಗಳ ಪಟ್ಟಿ ಮಾಡಿ. ಮೊದಲು ಬೇರೆಲ್ಲೂ ಸಿಗದ ದನಿಗಳ ಪ್ರತಿ ಮಾಡಿಸಿ, ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳು ಆಮೇಲೆ. ಓವನ್ ಸಲಹೆಯ ಫಾರ್ವರ್ಡ್ ಬಂದರೆ ಅದನ್ನು ಮುಂದೆ ಕಳಿಸಬೇಡಿ.