ಶಬ್ದ ಚಿಕಿತ್ಸೆ

ಶಬ್ದ ಚಿಕಿತ್ಸೆಯು ಕಿವಿಮೊರೆತದ ಬಾಧೆಯನ್ನು ತಗ್ಗಿಸಲು ಹೊರಗಿನ ಶಬ್ದಗಳನ್ನು ಬಳಸುವ ವಿಧಾನವಾಗಿದೆ. ವೈದ್ಯಶಾಸ್ತ್ರದಲ್ಲಿ ಟಿನ್ನಿಟಸ್ ಎನ್ನಲಾಗುವ ಕಿವಿಮೊರೆತವಿದ್ದವರಿಗೆ, ಹೊರಗೆ ಶಬ್ದವಿಲ್ಲದಿದ್ದರೂ ಕಿವಿಯಲ್ಲಿ ಗುಂಯ್‌ಗುಡುವ ಅಥವಾ ಸಿಳ್ಳೆಯಂತಹ ಸದ್ದು ಕೇಳಿಸುತ್ತದೆ.

ಇತಿಹಾಸ

ಫ್ರಾನ್ಸಿನ ವೈದ್ಯ ಇಟಾರ್ ಅವರು 1821ರ ತಮ್ಮ ಗ್ರಂಥದಲ್ಲಿ ಈ ಸದ್ದನ್ನು ಹೊರಗಿನ ಸದ್ದಿನಿಂದ ಮರೆಮಾಡುವ ಉಪಾಯವನ್ನು ವಿವರಿಸಿದ್ದರು. 1970ರ ದಶಕದಲ್ಲಿ ಅಮೆರಿಕದ ಜಾಕ್ ವರ್ನನ್ ಅವರು ಕಿವಿಗೆ ಧರಿಸುವ ಶಬ್ದಸಾಧನಗಳನ್ನು ಪ್ರಚಾರಕ್ಕೆ ತಂದರು. ಮುಂದೆ ಪಾವೆಲ್ ಜಾಸ್ಟ್ರೆಬಾಫ್ ಅವರು ಶಬ್ದದೊಡನೆ ಆಪ್ತಸಲಹೆಯನ್ನೂ ಸೇರಿಸಿ ಮರುತರಬೇತಿ ಚಿಕಿತ್ಸೆಯನ್ನು ರೂಪಿಸಿದರು.

ವಿಧಾನ

ರಾತ್ರಿಯ ನಿಶ್ಶಬ್ದದಲ್ಲಿ ಮೊರೆತವು ಎದ್ದು ಕೇಳಿಸುತ್ತದೆ. ಮಳೆ, ಅಲೆ ಅಥವಾ ಫ್ಯಾನಿನಂತಹ ಏಕರೂಪದ ಸದ್ದು ಹಿನ್ನೆಲೆಯಲ್ಲಿದ್ದರೆ ಅದರ ತೀವ್ರತೆ ಕಡಿಮೆಯೆನಿಸುತ್ತದೆ. ಮರುತರಬೇತಿಯಲ್ಲಿ ಮೊರೆತವು ಪೂರ್ಣವಾಗಿ ಮುಳುಗದಷ್ಟು ಮೆಲ್ಲನೆಯ ಶಬ್ದವನ್ನು ಬಳಸಲಾಗುತ್ತದೆ. ಏಕೆಂದರೆ ಕೇಳಿಸದ ಸದ್ದಿಗೆ ಮಿದುಳು ಒಗ್ಗಿಕೊಳ್ಳಲಾರದು. ಶ್ರವಣದೋಷವಿರುವವರಿಗೆ ಶ್ರವಣಸಾಧನವೂ ನೆರವಾಗಬಹುದು.

ಮಿತಿ ಮತ್ತು ಎಚ್ಚರಿಕೆ

ಈ ಚಿಕಿತ್ಸೆಯು ಮೊರೆತದ ಮೂಲವನ್ನು ನಿವಾರಿಸುವುದಿಲ್ಲ. ಅದರೊಡನೆ ಬಾಳುವುದನ್ನು ಸುಲಭಗೊಳಿಸುತ್ತದೆ. ಅತಿಯಾದ ಶಬ್ದವು ಕಿವಿಗೆ ಹಾನಿಕರ. ಹಠಾತ್ತನೆ ಶ್ರವಣಶಕ್ತಿ ಕುಂದಿದರೆ ತಡಮಾಡದೆ ವೈದ್ಯರನ್ನು ಕಾಣುವುದು ಅಗತ್ಯ. ಒಂದೇ ಕಿವಿಯಲ್ಲಿ ಮೊರೆತವಿದ್ದರೆ ಅಥವಾ ಅದು ನಾಡಿಬಡಿತದಂತೆ ಕೇಳಿಸಿದರೆ, ಶಬ್ದ ಚಿಕಿತ್ಸೆಗೆ ಮೊದಲು ವೈದ್ಯಕೀಯ ತಪಾಸಣೆ ಮಾಡಿಸಬೇಕು.